ಬಾವಿಯ ತಳದ ಬಾಗಿಲು

ನಾನು ಚಿಕ್ಕವನಿದ್ದಾಗ ಸಾದಲಿಯ ನಮ್ಮ ಮನೆಯಲ್ಲಿ ನಮಗಿಂತ ಹುಳುಗಳಿಗೇ ಹೆಚ್ಚು ಜಾಗವಿತ್ತು. ನಡುಮನೆಯ ತುಂಬ ರೇಷ್ಮೆಹುಳುಗಳ ತಟ್ಟೆಗಳು, ಹಸಿ ಸೊಪ್ಪಿನ ವಾಸನೆ, ಹಗಲಿರುಳೂ ಮೇಯುವ ಸರಸರ ಸದ್ದು. ಗದ್ದಲವಾದರೆ ಹುಳುಗಳು ಬೆದರುತ್ತವೆಂದು ನಂಬಿದ್ದ ಅಪ್ಪ, ಅಲ್ಲಿ ಯಾರಿಗೂ ದನಿಯೆತ್ತಲು ಬಿಡುತ್ತಿರಲಿಲ್ಲ.

ಅಕ್ಕನಿಗೆ ಕತೆ ಬರೆಯುವವಳಾಗಬೇಕೆಂಬ ಆಸೆ. ಶಿಡ್ಲಘಟ್ಟದಲ್ಲಿ ನಡೆಯಲಿದ್ದ ಸ್ವಂತ ಕತೆ ಹೇಳುವ ಸ್ಪರ್ಧೆಗೆ ಮೇಷ್ಟ್ರು ನಮ್ಮ ಶಾಲೆಯಿಂದ ಅವಳನ್ನೇ ಆರಿಸಿದ್ದರು. ಆ ಕತೆಯನ್ನು ಅವಳು ನನಗೂ ಹೇಳಿರಲಿಲ್ಲ. ಮೊದಲು ವೇದಿಕೆಯ ಮೇಲೆಯೇ ಹೇಳುವೆನೆಂದು ಬಚ್ಚಿಟ್ಟುಕೊಂಡಿದ್ದಳು.

ಸ್ಪರ್ಧೆಯ ದಿನ ಬೆಳಗ್ಗೆಯೇ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳುವಿನ ಮೈ ಹೊಳೆಯತೊಡಗುತ್ತದೆ. ಅದನ್ನು ಒಡನೆಯೇ ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡದಿದ್ದರೆ ಕಸದಲ್ಲಿಯೇ ಗೂಡು ಕಟ್ಟಿ ಕೆಡುತ್ತದೆ. ಅಕ್ಕ ಆಗಲೇ ಎರಡು ಜಡೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಇವತ್ತು ನೀನು ಹೊಸ್ಲು ದಾಟಂಗಿಲ್ಲ,” ಎಂದರು ಅಪ್ಪ.

“ಹೋದ್ ಬೆಳೆ ಹಣ್ಣಾದಾಗ ತಮ್ಮನ್ನ ಕಬಡ್ಡಿಗೆ ಚಿಂತಾಮಣಿಗೆ ಕಳಿಸಿದ್ಯಲ್ಲಪ್ಪ?” ಎಂದಳು ಅಕ್ಕ, ನನ್ನತ್ತ ಕೈ ತೋರಿಸಿ.

“ಅವನು ಗಂಡುಹುಡುಗ ಕಣೇ. ಕತೆಯಮ್ಮ ಮೆರೆದು ಬರೋಗಂಟ ಹುಳ ಕಾದ್ಕೊಂಡು ಕೂತಿರ್ತವಾ?”

ಅಮ್ಮ ತಟ್ಟೆಯಿಂದ ಹುಳು ಆರಿಸುತ್ತಲೇ ಇದ್ದಳು. ಹೊರಗೆ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ಅಕ್ಕ ನನ್ನ ಪಕ್ಕ ಕುಳಿತು, ತಣ್ಣನೆಯ ಮೆತ್ತನೆಯ ಹುಳುಗಳನ್ನು ಆರಿಸತೊಡಗಿದಳು. ತುಸು ಹೊತ್ತಿನ ಬಳಿಕ ಪಿಸುದನಿಯಲ್ಲಿ ನನಗೇ ಆ ಕತೆಯನ್ನು ಹೇಳತೊಡಗಿದಳು. ಬತ್ತಿದ ಬಾವಿಯ ನೀರು ಎಲ್ಲಿಗೆ ಹೋಯಿತೆಂದು ಹುಡುಕಲು ಒಬ್ಬ ಹುಡುಗಿ ಬಾವಿಗೆ ಇಳಿಯುತ್ತಾಳೆ. ತಳದಲ್ಲೊಂದು ಬಾಗಿಲು. ಹುಡುಗಿ ಅದಕ್ಕೆ ಕಿವಿಯಿಟ್ಟು ಆಲಿಸುತ್ತಾಳೆ, ಎರಡೂ ಕೈಯಿಂದ ತಳ್ಳುತ್ತಾಳೆ. ಹೇಳುತ್ತ ಹೇಳುತ್ತ ಅಕ್ಕನ ದನಿ ತಾನಾಗಿಯೇ ಏರಿತು.

“ಬಾಯ್ ಮುಚ್ಚೇ! ಹುಳ ಬೆದರ್ತವೆ,” ಎಂದು ಅಪ್ಪ ಗದರಿದರು.

ಅಕ್ಕ ನಿಲ್ಲಿಸಿದಳು. ಸ್ವಲ್ಪ ಹೊತ್ತು ತುಟಿಗಳು ಮಾತ್ರ ಅಲುಗುತ್ತಿದ್ದವು. ಆಮೇಲೆ ಅವೂ ನಿಂತವು.

ಮುಂದಿನ ಬೆಳೆಯ ಹೊತ್ತಿಗೆ ಅವಳ ಶಾಲೆ ಬಿಡಿಸಿದರು. ಮರುವರ್ಷ ಗೌರಿಬಿದನೂರಿಗೆ ಮದುವೆ ಮಾಡಿಕೊಟ್ಟರು. ನಾನು ಓದಿ ಮೇಷ್ಟ್ರಾದೆ. ಬಾಗಿಲಿನ ಆಚೆ ಏನಿತ್ತೆಂದು ಅವಳನ್ನು ಎಷ್ಟೋ ಸಲ ಕೇಳಿದ್ದೇನೆ. “ಮರ್ತೋಯ್ತು ಕಣೋ,” ಎನ್ನುತ್ತಾಳೆ, ಅಷ್ಟೆ.

ಮಕ್ಕಳೇ, ನೀವು ಈ ಮನೆಯಲ್ಲಿ ಕೂಗಾಡುತ್ತ ಕತೆ ಕಟ್ಟುತ್ತೀರಿ, ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಹಾರುತ್ತೀರಿ. ಯಾರೂ ನಿಮ್ಮನ್ನು ಗದರುವುದಿಲ್ಲ. ಮೊನ್ನೆ ಅಕ್ಕ, ನಿಮ್ಮ ಅತ್ತೆ, ಬಂದಿದ್ದಾಗ ಅವಳ ಸೆರಗು ಜಗ್ಗಿ, ಒಂದು ಕತೆ ಹೇಳೆಂದು ಪೀಡಿಸಿದಿರಿ.

“ನಂಗ್ಯಾವ ಕತೆ ಬರ್ತದಮ್ಮ?” ಎಂದಳು ಅವಳು.

ಈ ಮನೆಯಲ್ಲಿ ಒಂದು ಹುಳುವೂ ಇಲ್ಲ. ಆದರೂ ಆ ಮಾತನ್ನು ಅವಳು ಪಿಸುದನಿಯಲ್ಲಿಯೇ ಹೇಳಿದಳು.