ಎಡದ ಎತ್ತು ಯಾವುದೆಂದು ಕೇಳದವನು

ನಮ್ಮ ಕಡೆಯ ದನದ ಜಾತ್ರೆಗೆ ದೇವರೂ ಇಲ್ಲ, ತೇರೂ ಇಲ್ಲ. ಸುಗ್ಗಿ ಮುಗಿದ ಮೇಲೆ ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯ ಬಯಲಿನಲ್ಲಿ ಒಂದು ವಾರ ದನ ಕೂಡುತ್ತಿದ್ದವು, ಅಷ್ಟೇ. ಯಾವಾಗ ಶುರುವಾಯಿತು ಎಂದು ಕೇಳಿದರೆ ಅಜ್ಜ, "ನಮ್ಮಜ್ಜ ಹೋಗೂ ಮುಂದ ಅದು ಹಳೇ ಜಾತ್ರಿನ ಆಗಿತ್ತು" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಇತಿಹಾಸ ನಮ್ಮ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ.

ಬೇಕಾದದ್ದು ಪದ್ಧತಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಇಬ್ಬರ ಕೈಮೇಲೆ ಟವೆಲ್ ಹಾಕಿಕೊಂಡು, ಒಳಗೇ ಬೆರಳು ಹಿಡಿದು ಚೌಕಾಸಿ. ಕೈಗೆ ಕೈ ಹೊಡೆದ ಮೇಲೆ ಮುಗಿಯಿತು, ಬ್ರಹ್ಮ ಬಂದರೂ ವಾಪಸಿಲ್ಲ. ಆದರೆ ಟವೆಲ್ ಹಾಕುವ ಮೊದಲು ಕೊಳ್ಳುವವನು ಹಲ್ಲು, ಸುಳಿ, ಗೊರಸು ಎಲ್ಲ ನೋಡಿ ಒಂದು ಮಾತು ಕೇಳಲೇಬೇಕು: "ಎಡಕ್ಕ ಯಾವ್ದ್ರಿ, ಬಲಕ್ಕ ಯಾವ್ದು?" ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಿದರೆ ಅದು ಹೊಲದ ನಡುವೆ ನಿಂತುಬಿಡುತ್ತದೆ. ಚೋರನೂರಿನ ಒಣ ಬೆದ್ದಲಿಗೆ ಒಯ್ಯುವವನಿರಲಿ, ಕಂಪ್ಲಿಯ ಗದ್ದೆಗೆ ಒಯ್ಯುವವನಿರಲಿ, ಉಳುವವನಾದರೆ ಕೇಳಿಯೇ ಕೇಳುತ್ತಾನೆ. ಕೇಳದವನಿಗೆ ಎತ್ತು ಕೊಡಬಾರದು ಎನ್ನುವುದು ಅಜ್ಜನ ಕಟ್ಟಪ್ಪಣೆ. ಅವನಿಗೆ ಬೇಕಾದದ್ದು ಮಾಂಸ.

ಅಜ್ಜ ಹೋದ, ಅದಿರಿನ ಕಾಲ ಬಂತು. ಗಾದಿಗನೂರಿನ ನಮ್ಮ ಹೊಲವನ್ನು ಅಪ್ಪ ಅದಿರು ಒಟ್ಟಲು ಬಾಡಿಗೆಗೆ ಕೊಟ್ಟ. ಜೋಳ ಬೆಳೆಯುತ್ತಿದ್ದ ಜಾಗದಲ್ಲಿ ಕೆಂಪು ಗುಡ್ಡ ಎದ್ದಿತು. ಅಣ್ಣ ಟಿಪ್ಪರ್ ತಗೊಂಡ. ಮನೆಗೆ ಟೈಲ್ಸ್ ಬಂತು, ಫ್ರಿಜ್ ಬಂತು. ಸುಳ್ಳು ಯಾಕೆ ಹೇಳಲಿ, ಫ್ರಿಜ್ ಬಂದದ್ದು ನನಗೆ ಖುಷಿಯೇ ಆಗಿತ್ತು. ಕೊಟ್ಟಿಗೆಯಲ್ಲಿ ಎರಡು ಬಿಳಿ ಎತ್ತುಗಳು ಕೆಲಸವಿಲ್ಲದೆ, ಧೂಳಿಗೆ ಕೆಂಪಾಗಿ ನಿಂತಿದ್ದವು. "ಕುಂತು ತಿನ್ನೋ ಎತ್ತು ಇನ್ನೆಷ್ಟ್ ದಿನ ಸಾಕ್ತೀಯಪ್ಪಾ?" ಎಂದು ಅಣ್ಣ ದಿನಾ ತಲೆ ತಿಂದ. ಕೊನೆಗೆ ಅಪ್ಪ ಹೂಂ ಅಂದ.

ಅವ್ವ ಮಾತ್ರ ಒಂದೇ ಮಾತು ಹಿಡಿದಳು. ಆ ಎರಡನ್ನೂ ಕರುವಿದ್ದಾಗಿನಿಂದ ಗಂಜಿ ಕುಡಿಸಿ ಬೆಳೆಸಿದವಳು ಅವಳು. "ಮಾರ್ರಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ರೈತಗ ಕೊಡ್ರಿ. ಕತ್ತಿಗೆ ಕೊಟ್ಟು ಬಂದ್ರ ನಾ ಈ ಮನ್ಯಾಗ ಕೂಳು ತಿನ್ನಾಂಗಿಲ್ಲ." ಅವಳು ಹೇಳಿದರೆ ಹೇಳಿದ ಹಾಗೆ. ಹಿಂದೊಮ್ಮೆ ಚಿಕ್ಕಮ್ಮನ ಜೊತೆ ಜಗಳಾಡಿ ಎಂಟು ವರ್ಷ ಆ ಮನೆಯ ನೀರು ಮುಟ್ಟದ ಹೆಂಗಸು.

ಜಾತ್ರೆಯ ಕೊನೆಯ ದಿನ ಅಣ್ಣ ಟಿಪ್ಪರ್ ಬಿಟ್ಟು ಬರಲಿಲ್ಲ. ಎರಡನೇ ಎತ್ತಿನ ಹಗ್ಗ ಹಿಡಿಯಲು ನಾನು ಹೋದೆ. ಅವ್ವ ಮೈತೊಳೆದು ವಿಭೂತಿ ಹಚ್ಚಿ ಕಳಿಸಿದ್ದಳು. ನಸುಕಿಗೆ ಹೊರಟು, ಅದಿರು ಲಾರಿಗಳ ಸಾಲಿನ ಪಕ್ಕದಲ್ಲೇ ನಡೆದು ಬಯಲು ಮುಟ್ಟುವಷ್ಟರಲ್ಲಿ ಎತ್ತು ಮತ್ತೆ ಕೆಂಪು, ನಾವೂ ಕೆಂಪು. ಬಯಲು ಅರ್ಧ ಖಾಲಿ. ಕೋಡು ಹೆರೆಯುವವರು, ಲಾಳ ಕಟ್ಟುವವರು ಕೂಡುತ್ತಿದ್ದ ಜಾಗದಲ್ಲಿ ಟ್ರ್ಯಾಕ್ಟರ್ ಮಾರುವವರ ಶಾಮಿಯಾನ. "ಗಾಳಿ ಬಂದಾಗ ತೂರ್ಕೋರಿ ಯಜಮಾನ್ರ!" ಎಂದು ಒಬ್ಬ ಮೈಕಿನಲ್ಲಿ ಗಂಟಲು ಹರಕೊಳ್ಳುತ್ತಿದ್ದ. ಮಧ್ಯಾಹ್ನ ಕಳೆದರೂ ನಮ್ಮ ಎತ್ತಿನ ಹಲ್ಲು ನೋಡಲು ಒಬ್ಬನೂ ಬರಲಿಲ್ಲ.

ನಾಲ್ಕು ಗಂಟೆ ಹೊತ್ತಿಗೆ ಒಬ್ಬ ಬಂದ. ಕಂಪ್ಲಿ ಕಡೆಯವನು ಅಂದ. ಬಾಯಿ ತೆರೆಸಲಿಲ್ಲ, ಗೊರಸು ನೋಡಲಿಲ್ಲ. ತೊಡೆ ಒತ್ತಿದ, ಹೊಟ್ಟೆಗೆ ಎರಡು ಸಲ ತಟ್ಟಿದ, ಟವೆಲ್ ಚಾಚಿದ. ಅಪ್ಪ ಟವೆಲಿನ ಕೆಳಗೆ ಕೈ ಇಟ್ಟ. ಅವನು ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ನಾನು ಕಾದೆ. ಕೇಳಲಿಲ್ಲ. ಅಪ್ಪ ಒಮ್ಮೆ ನನ್ನ ಮುಖ ನೋಡಿದ. "ಅಪ್ಪಾ, ಬ್ಯಾಡ" ಎಂದು ನಾನು ಅಂದಿದ್ದರೆ ಅಪ್ಪ ಕೈ ತೆಗೆಯುತ್ತಿದ್ದ, ಅದು ನನಗೆ ಗೊತ್ತು. ಕಾಲು ನೋಯುತ್ತಿತ್ತು, ಹಸಿವಾಗಿತ್ತು. ನಾನು ಹಗ್ಗ ನೋಡುತ್ತ ನಿಂತೆ.

ಕೈಗೆ ಕೈ ಹೊಡೆದ ಸದ್ದು ಕೇಳಿಸಿತು.

ಆಮೇಲೆ ಅಪ್ಪ ತಾನಾಗಿಯೇ, ಯಾರೂ ಕೇಳದಿದ್ದರೂ, "ಇದು ಎಡಕ್ಕ ರೀ, ಅದು ಬಲಕ್ಕ" ಅಂದ.

"ಆತು ಬಿಡ್ರಿ ಯಜಮಾನ್ರ," ಅವನು ನಕ್ಕ, "ಎರಡೂ ಒಂದ ಲಾರಿಗೆ ಹೋಗ್ತಾವ."

ಲಾರಿಯಲ್ಲಿ ಆಗಲೇ ಹತ್ತು ಹನ್ನೆರಡು ಮುದಿ ದನಗಳಿದ್ದವು. ನಮ್ಮವನ್ನು ಹತ್ತಿಸುವಾಗ ಎಡದ್ದನ್ನು ಬಲಕ್ಕೆ ಕಟ್ಟಿದ. ಅವು ಗಲಾಟೆ ಮಾಡಲಿಲ್ಲ. ನಾವೂ ಮಾಡಲಿಲ್ಲ. ವಾಪಸು ಬಸ್ಸಿನಲ್ಲಿ ಅಪ್ಪ ತನ್ನ ಹೆಗಲ ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಯಾರಿಗೆ ಕೊಟ್ರಿ?"

ಅಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋಗಿಬಿಟ್ಟ. ಉತ್ತರ ಹೇಳಲು ಉಳಿದವಳು ನಾನು.

"ಕಂಪ್ಲಿ ರೈತಗ," ಅಂದೆ.

"ಎಡಕ್ಕ ಯಾವ್ದು ಅಂತ ಕೇಳಿದ್ನ?"

"ಕೇಳಿದ. ಅಪ್ಪ ಕೈ ಮಾಡಿ ತೋರಿಸಿದ."

ನಾಲಿಗೆ ತಡವರಿಸಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಪುಣ್ಯಾತ್ಮ, ಅವನ ಗದ್ದಿ ತಣ್ಣಗಿರ್ಲಿ" ಅಂದಳು. ನಮಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ತಾನೂ ಉಂಡಳು. ಅಪ್ಪ ತಲೆ ತಗ್ಗಿಸಿ ಒಂದು ರೊಟ್ಟಿ ತಿಂದ. ನಾನು ಮೂರು ತಿಂದೆ. ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ, ಏನೂ ಆಗಲಿಲ್ಲ. ಎತ್ತು ಹೋದದ್ದಕ್ಕಿಂತ ಅದಕ್ಕೇ ಇವತ್ತು ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಅವ್ವ ಓಣಿಗೆಲ್ಲ ಹೇಳಿದಳು, ನಮ್ಮ ಎತ್ತು ಕಂಪ್ಲಿ ರೈತ ಒಯ್ದಾನ ಅಂತ. ಮಳೆ ಬಿದ್ದು ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದಾಗ ನನ್ನ ಹತ್ತಿರ ಬಂದು ಕೂತು, "ಕಂಪ್ಲಿ ಭಾಳ ದೂರ ಏನಿಲ್ಲಲೇ. ಒಮ್ಮಿ ಹೋಗಿ ನೋಡ್ಕೊಂಡು ಬರೂಣೇನ? ನನ್ನ ಗುರುತು ಹಿಡಿತಾವ" ಅಂದಳು.

"ನಾಟಿ ಮುಗೀಲಿ ತಡಿಯವ್ವಾ," ಅಂದೆ. "ಈಗ ಅವಕ್ಕ ಕೆಲಸ ಇರ್ತತಿ."