ಸರ್ಕಾರಿ ಕಾಡಿನಲ್ಲಿ ಸುಲೋನ ಗುಟ್ಟಿನ ಜಾಗ

ನನ್ನ ಮೈದುನ ಸುಲೋ ಹಕಲಾ ಮೂವತ್ತೆಂಟು ಚಳಿಗಾಲ ನಮ್ಮೂರಿನಲ್ಲಿ ಹಿಮ ತಳ್ಳುವ ಲಾರಿ ಓಡಿಸಿದ. ಬೆಳಿಗ್ಗೆ ಐದಕ್ಕೆ ಶುರು ಮಾಡಿದರೆ ಏಳರೊಳಗೆ ಶಾಲೆಯ ರಸ್ತೆ ಬಿಡಿಸುತ್ತಿದ್ದ, ಎಂಟರೊಳಗೆ ಚರ್ಚಿನ ರಸ್ತೆ. ಇಷ್ಟು ಜನಕ್ಕೆ ದಾರಿ ಮಾಡಿಕೊಟ್ಟ ಮನುಷ್ಯ ಒಂದೇ ಒಂದು ದಾರಿಯನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಅದು ಅವನು ವುಡ್‌ಕಾಕ್ ಹಕ್ಕಿ ಹೊಡೆಯುವ ಜಾಗದ ದಾರಿ.

ಜಾಗ ಅವನದಲ್ಲ, ಸರ್ಕಾರಿ ಕಾಡು. ಮಿಷಿಗನ್ನಿನ ಈ ಉತ್ತರದ ತುದಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಸರ್ಕಾರದ್ದೇ. ಯಾರು ಬೇಕಾದರೂ ಒಳಗೆ ಹೋಗಬಹುದು ಎಂದು ಬೋರ್ಡು ಹಾಕಿದ್ದಾರೆ. ಬೋರ್ಡನ್ನು ಎಲ್ಲರೂ ಓದಿದ್ದಾರೆ, ನಂಬಿದವರು ಯಾರೂ ಇಲ್ಲ. ನಮ್ಮ ಗಂಡಸರ ಪ್ರಕಾರ ಕಾಡು ಎಲ್ಲರಿಗೂ ಸೇರಿದ್ದು, ಅದರೊಳಗೆ ಜೌಗುನೆಲದಲ್ಲಿ ಬೆಳೆದ ಒಂದು ಆಲ್ಡರ್ ಪೊದೆ ಮಾತ್ರ ತನಗೊಬ್ಬನಿಗೇ ಸೇರಿದ್ದು. ವುಡ್‌ಕಾಕ್ ಎಂಬ ಆ ಉದ್ದಮೂಗಿನ ಹಕ್ಕಿ ಎರೆಹುಳ ಕೀಳುವುದಕ್ಕೆ ಆಲ್ಡರ್ ಬುಡದ ಕಪ್ಪು ಕೆಸರಿಗೇ ಬರುತ್ತದೆ. ಎಷ್ಟು ಸಿಕ್ಕಿತು ಎಂದು ಒಬ್ಬರನ್ನೊಬ್ಬರು ಕೇಳಬಹುದು. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಹೆಂಡತಿಯ ವಯಸ್ಸು ಕೇಳಿದಷ್ಟೇ ತಪ್ಪು.

ನನ್ನ ಗಂಡ ಆರ್ನೆ ನನ್ನ ಜೊತೆ ನಲವತ್ತೊಂದು ವರ್ಷ ಬಾಳಿದ. ತನ್ನ ಹಲ್ಲುನೋವು, ತನ್ನ ಕನಸು, ಮದುವೆಗೆ ಮುಂಚೆ ಇಷ್ಟಪಟ್ಟ ಹುಡುಗಿಯ ಹೆಸರು, ಎಲ್ಲ ಹೇಳಿದ. ಜಾಗ ಹೇಳದೆ ಸತ್ತ. ಸುಲೋ ಮದುವೆಯಾಗಲಿಲ್ಲವಾದ್ದರಿಂದ ಇಬ್ಬರ ಪ್ಯಾಂಟೂ ಒಗೆಯುತ್ತಿದ್ದವಳು ನಾನು. ಆರ್ನೆ ಶನಿವಾರ ಹೋಗುತ್ತಿದ್ದ, ಸುಲೋ ಭಾನುವಾರ. ಸೋಮವಾರ ನನ್ನ ತೊಟ್ಟಿಯಲ್ಲಿ ಎರಡೂ ಪ್ಯಾಂಟಿನಿಂದ ಒಂದೇ ಕಪ್ಪು ಕೆಸರು, ಒಂದೇ ಆಲ್ಡರ್ ಎಲೆಚೂರು, ಹಳೇ ಜಲ್ಲಿ ಗುಂಡಿಯ ಒಂದೇ ಜಲ್ಲಿಪುಡಿ ಬಿಡುತ್ತಿತ್ತು. ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಒಂದೇ ಪೊದೆಯನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟರು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸದಿಂದ ನಿವೃತ್ತನಾದ ವರ್ಷ ಸುಲೋ ಸೆಟರ್ ಜಾತಿಯ ಒಂದು ಹೆಣ್ಣು ನಾಯಿಮರಿ ತಂದ. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಹೆಸರು ಹಿಲ್ಲಾ. ಇಂಥ ನಾಯಿ ಹಕ್ಕಿಯ ವಾಸನೆ ಹಿಡಿದೊಡನೆ ಕಲ್ಲಿನ ಹಾಗೆ ನಿಂತುಬಿಡಬೇಕು. ಪೊದೆಯೊಳಗೆ ನಾಯಿ ಕಾಣುವುದಿಲ್ಲವಾದ್ದರಿಂದ ಕೊರಳಿಗೆ ಗಂಟೆ ಕಟ್ಟುತ್ತಾರೆ. ಗಂಟೆ ನಿಂತರೆ ನಾಯಿ ನಿಂತಿತು, ಹಕ್ಕಿ ಇದೆ ಎಂದು ಲೆಕ್ಕ. ಹತ್ತು ತಿಂಗಳ ಹಿಲ್ಲಾ ನಿಲ್ಲುವುದನ್ನೇನೋ ಕಲಿತಿತ್ತು. ಆಮೆ ಕಂಡರೂ ನಿಲ್ಲುತ್ತಿತ್ತು, ನನ್ನ ಏಲಕ್ಕಿ ಬ್ರೆಡ್ಡು ಕಂಡರೂ ನಿಲ್ಲುತ್ತಿತ್ತು. ಪಾದ್ರಿಗಳು ಕಾಫಿಗೆ ಬಂದಾಗ ಅವರ ಮುಂದೆಯೂ ಒಂದು ಕಾಲೆತ್ತಿ ನಿಂತಿತು.

"ನೋಡಿ ಅತ್ತಿಗೆ, ಎಂಥ ನಿಲುವು!" ಎಂದ ಸುಲೋ.

"ಪಾದ್ರಿಗಳನ್ನ ಹೊಡೀಬೇಡ್ವೋ" ಎಂದೆ.

ಅಕ್ಟೋಬರ್ ಎರಡನೆಯ ಗುರುವಾರ ಸುಲೋ ಅದನ್ನು ಮೊದಲ ಸಲ ತನ್ನ ಜಾಗಕ್ಕೆ ಕರೆದುಕೊಂಡು ಹೋದ. ತನ್ನ ಪದ್ಧತಿಯಂತೆ ಪಿಕಪ್ ಗಾಡಿಯನ್ನು ಪೈನ್ ತೋಪಿನ ಎದುರು ನಿಲ್ಲಿಸಿದ. ಒಣ ಮರಳಿನ ಆ ತೋಪಿನಲ್ಲಿ ವುಡ್‌ಕಾಕ್ ಇರುವುದೇ ಇಲ್ಲ, ಅದಕ್ಕೇ ಅಲ್ಲಿ ನಿಲ್ಲಿಸುವುದು. ಅಲ್ಲಿಂದ ಒಂದು ಮೈಲಿ ನಡೆದ. ರಸ್ತೆಯಲ್ಲಿ ಹೋಗುವವರಿಗೆ ಗಂಟೆ ಕೇಳಿಸಬಾರದು ಎಂದು ಗಂಟೆಯ ನಾಲಿಗೆಯ ಸುತ್ತ ಮರದ ಬುಡದ ಹಾವಸೆ ತುರುಕಿದ. ಒಳಗೆ ಹೋದ ಮೇಲೆ ತೆಗೆಯುವುದನ್ನು ಮರೆತ. ಹಿಲ್ಲಾ ಪೊದೆಗೆ ನುಗ್ಗಿತು. ಗಂಟೆ ಕೇಳಿಸಲಿಲ್ಲ. ಹಕ್ಕಿಯ ಮುಂದೆ ಮರಿ ನಿಂತಿದೆ ಎಂದು ಸುಲೋ ಖುಷಿಯಿಂದ, ಸದ್ದಿಲ್ಲದೆ, ಬಂದೂಕು ಹಿಡಿದು ಇಪ್ಪತ್ತು ನಿಮಿಷ ಹುಡುಕಿದ. ಹಾವಸೆ ನೆನಪಾಗುವ ಹೊತ್ತಿಗೆ ನಾಯಿ ಇರಲಿಲ್ಲ.

ಮಧ್ಯಾಹ್ನ ಸಹಕಾರಿ ಅಂಗಡಿಗೆ ಬಂದು ಮರಿ ಕಳೆದುಹೋಯಿತು ಎಂದ. ಅಲ್ಲಿ ಕಾಫಿ ಕುಡಿಯುತ್ತಿದ್ದ ಐದು ಜನವೂ ಲೋಟ ಇಟ್ಟು ಎದ್ದರು.

"ಎಲ್ಲಿ ಬಿಟ್ಟೆ?" ಎಂದ ರೈನೋ, ಸುಲೋನ ಪಕ್ಕದ ಮನೆಯವನು.

"ಪೈನ್ ತೋಪಲ್ಲಿ" ಎಂದ ಸುಲೋ.

ಐವರೂ ಸಂಜೆಯವರೆಗೆ ಪೈನ್ ತೋಪಿನಲ್ಲಿ ಶಿಳ್ಳೆ ಹೊಡೆದರು. ಕಳೆದ ನಾಯಿಗೆ ಯಜಮಾನನ ಕೋಟು ಬಿಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ನಾಯಿ ಕಳೆದ ಜಾಗದಲ್ಲೇ ಕೋಟು ಇಡಬೇಕು, ವಾಸನೆ ಹಿಡಿದು ಬಂದು ಅದರ ಮೇಲೆ ಮಲಗಿರುತ್ತದೆ. "ಕೋಟು ಬಿಚ್ಚು ಸುಲೋ" ಎಂದರು. ಐದು ಜನ ನೋಡುತ್ತಿರುವಾಗ ಏನು ಮಾಡುತ್ತಾನೆ? ತನ್ನ ಒಂದೇ ಬೇಟೆ ಕೋಟನ್ನು ನಾಯಿ ಕಾಲೇ ಇಡದ ಮರಳಿನ ಮೇಲೆ ಹಾಸಿ ಬಂದ.

ಶುಕ್ರವಾರ ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಸುಲೋ ಬರೀ ಸ್ವೆಟರಿನಲ್ಲಿ ನನ್ನ ಅಡಿಗೆಮನೆಗೆ ಬಂದ. ಕೂಗಿ ಕೂಗಿ ಗಂಟಲು ಹೋಗಿತ್ತು. ನಾನು ಅವನ ಬೂಟು ನೋಡಿದೆ.

"ಪೈನ್ ತೋಪಲ್ಲಿ ಕಪ್ಪು ಕೆಸರು ಯಾವಾಗಿಂದ ಬಂತೋ?"

ಅವನು ಬೂಟನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ಹಳೇ ಜಲ್ಲಿ ಗುಂಡಿ ಹಿಂದೆ, ಬುಗ್ಗೆ ಕೆಳಗಿನ ಆಲ್ಡರ್ ಪೊದೇಲಿ ತಾನೇ ಬಿಟ್ಟಿದ್ದು?"

"ಅತ್ತಿಗೆ! ನಿಮಗ್ಯಾರು ಹೇಳಿದ್ರು?"

"ನಿನ್ನ ಪ್ಯಾಂಟು ಹೇಳ್ತು. ನಿಮ್ಮಣ್ಣನ ಪ್ಯಾಂಟೂ ಹೇಳ್ತು."

"ಆರ್ನೆ? ಆರ್ನೆ ನನ್ನ ಜಾಗಕ್ಕೆ ಹೋಗ್ತಿದ್ನಾ?" ಸುಲೋನ ಮುಖ ಕೆಂಪಾಯಿತು. ಅಷ್ಟು ದುಃಖದಲ್ಲೂ ಸತ್ತ ಅಣ್ಣನ ಮೇಲೆ ಸಿಟ್ಟು ಬಂತು ನೋಡಿ.

"ಅದೆಲ್ಲ ಆಮೇಲೆ. ಹೋಗಿ ಅವರಿಗೆ ಹೇಳು."

"ಹೇಳಿದ್ರೆ ಜಾಗ ಹೋಗುತ್ತೆ ಅತ್ತಿಗೆ."

"ಹೇಳದಿದ್ರೆ ನಾಯಿ ಹೋಗುತ್ತೆ. ನಾಳೆ ಹಿಮ ಅಂತ ರೇಡಿಯೋದಲ್ಲಿ ಹೇಳಿದಾರೆ."

ಅವನು ಕಾಫಿ ಮುಟ್ಟದೆ ಎದ್ದ. ದಾರಿಯಲ್ಲಿ ಮನಸ್ಸು ಬದಲಿಸಬಾರದು ಎಂದು ನಾನೂ ಜೊತೆಗೆ ಹೋದೆ.

ಅಂಗಡಿಯಲ್ಲಿ ಅದೇ ಐವರು ಮತ್ತೆ ಪೈನ್ ತೋಪಿಗೆ ಹೊರಡಲು ಸಿದ್ಧವಾಗಿದ್ದರು. ಸುಲೋ ಟೋಪಿ ತೆಗೆದು, ಸಾವಿನ ಸುದ್ದಿ ಹೇಳುವವನ ಹಾಗೆ, ಜಾಗ ಹೇಳಿದ.

ಸಂಜೆಯವರೆಗೆ ಸುಳ್ಳು ಜಾಗದಲ್ಲಿ ಅಲೆಸಿದ್ದಕ್ಕೆ ಬೈಯಬೇಕಾದವರು ತಮ್ಮ ತಮ್ಮ ಬೂಟು ನೋಡಿಕೊಂಡರು. ಮೊದಲು ಬಾಯಿ ಬಿಟ್ಟವನು ರೈನೋ.

"ಬುಗ್ಗೆ ದಾಟಿದ ಮೇಲೆ ಎಡಗಡೆ ಹಳೇ ಮುಳ್ಳುತಂತಿ ಬಿದ್ದಿದೆ. ಮರಿ ಅದರಲ್ಲೇ ಸಿಕ್ಕೊಂಡಿರುತ್ತೆ."

"ಯಾವ ತಂತಿ? ನಾನೇ ನೋಡಿಲ್ಲ, ನೀನು ಯಾವಾಗ ನೋಡ್ದೆ?" ಎಂದ ಸುಲೋ.

"ಯಾರೋ ಹೇಳಿದ್ರು."

"ತಂತಿ ಎಡಗಡೆ ಅಲ್ಲ, ಬಲಗಡೆ" ಎಂದ ಎಲ್ಮರ್, ಅಂಗಡಿಯ ಗಲ್ಲಾದವನು. ಹೇಳಿದ ಮೇಲೆ ಕೌಂಟರ್ ಒರೆಸತೊಡಗಿದ.

"ನೀನು ಕೆಳಗಿಂದ ಹೋಗ್ತೀಯ, ಅದಕ್ಕೇ ನಿನಗೆ ಬಲಗಡೆ" ಎಂದುಬಿಟ್ಟ ರೈನೋ.

ಆರು ಗಾಡಿ ಹೊರಟವು. ದಾರಿ ತೋರಿಸುವುದಕ್ಕೆ ಸುಲೋ ಮುಂದೆ ಇರಬೇಕಿತ್ತು. ಅವನಿಗಿಂತ ಮುಂಚೆ ನಾಲ್ಕು ಗಾಡಿ ಜಲ್ಲಿ ಗುಂಡಿ ತಲುಪಿದ್ದವು. ನಾನು ಗುಂಡಿಯ ದಿಬ್ಬದ ಮೇಲೆ ನಿಂತು ನೋಡಿದೆ. ಸಾಲಾಗಿ ಪೊದೆಯೊಳಗೆ ಹೋದರು. ನಾಯಿ ಹುಡುಕುವವರು ಪೊದೆಯ ಸಂದು ನೋಡಬೇಕು. ಇವರು ನೆಲ ನೋಡುತ್ತಿದ್ದರು. ಹಕ್ಕಿಯ ಬಿಳಿ ಹಿಕ್ಕೆ ಎಷ್ಟಿದೆ, ಕೆಸರಿನಲ್ಲಿ ಕೊಕ್ಕಿನ ತೂತು ಎಷ್ಟಿದೆ ಎಂದು. ಅವರ ಕಾಲ ಕೆಳಗಿಂದ ಒಂದೊಂದಾಗಿ ವುಡ್‌ಕಾಕ್ ರೆಕ್ಕೆಯಲ್ಲಿ ಶಿಳ್ಳೆಯ ಸದ್ದು ಮಾಡುತ್ತ ಏಳುತ್ತಿದ್ದವು. ಪ್ರತಿಯೊಂದಕ್ಕೂ ಐದು ತಲೆ ತಿರುಗುತ್ತಿದ್ದವು. ಹನ್ನೊಂದು ಎದ್ದವು, ನಾನು ಎಣಿಸಿದ್ದೇನೆ. ಒಂದಕ್ಕೂ ತಲೆ ಎತ್ತದವನು ಸುಲೋ ಒಬ್ಬನೇ. ಅವನು ಮೊಣಕಾಲು ನೋವಿನಲ್ಲಿ ಕುಂಟುತ್ತ, ಇಲ್ಲದ ಗಂಟಲಿನಲ್ಲಿ "ಹಿಲ್ಲಾ, ಹಿಲ್ಲಾ" ಎನ್ನುತ್ತಿದ್ದ.

ತಂತಿಯಲ್ಲೇ ಇತ್ತು. ಕೊರಳಪಟ್ಟಿ ಸಿಕ್ಕಿಕೊಂಡು, ಅಲುಗಿದರೂ ಸದ್ದಾಗದ ಗಂಟೆ ಹೊತ್ತು, ಒಂದು ರಾತ್ರಿಯೆಲ್ಲ ಅಲ್ಲೇ ನಿಂತಿತ್ತು. ಸುಲೋ ಕೆಸರಿನಲ್ಲೇ ಕೂತು ಅದನ್ನು ಸ್ವೆಟರಿನೊಳಗೆ ಹಾಕಿಕೊಂಡ. ಅವನ ಹೆಗಲು ಅಲುಗುತ್ತಿದ್ದದ್ದು ದಿಬ್ಬದಿಂದಲೇ ಕಾಣಿಸಿತು. ಐವರೂ ಬೇರೆ ಕಡೆ ನೋಡುತ್ತ ನಿಂತರು.

ಎರಡು ವಾರ ಕಳೆದ ಮೇಲೆ ಪೆಟ್ರೋಲ್ ಬಂಕಿನಲ್ಲಿ ನಾನೂ ಸುಲೋನೂ ಇದ್ದಾಗ ದಕ್ಷಿಣದ ಪಟ್ಟಣದ ಕಾರೊಂದು ಬಂತು. ಹೊಸ ಬೇಟೆ ಕೋಟಿನವನೊಬ್ಬ ಇಳಿದ. ಹಿಲ್ಲಾಳನ್ನು ನೋಡಿ ಸುಲೋನ ಹತ್ತಿರವೇ ಬಂದ.

"ಯಜಮಾನ್ರೇ, ಇಲ್ಲಿ ವುಡ್‌ಕಾಕ್ ಎಲ್ಲಿ ಸಿಗುತ್ತೆ?"

ಬಂಕಿನ ಹುಡುಗಿ ಕೂಡ ತಲೆ ಎತ್ತಿದಳು. ಸುಲೋ ಮರಿಯ ಕಂದು ಕಿವಿ ಸವರುತ್ತ, ಎರಡು ಮೈಲಿ ಹೋಗಿ ಬಲಕ್ಕೆ ತಿರುಗಿ, ಜಲ್ಲಿ ಗುಂಡಿಯ ಹಿಂದೆ, ಬುಗ್ಗೆಯ ಕೆಳಗೆ, ತಂತಿಯಿದೆ ನಾಯಿ ಜೋಪಾನ ಎಂದು ಒಂದೂ ಬಿಡದೆ ಹೇಳಿದ.

ಬಂದವನು ಪೂರ್ತಿ ಕೇಳಿದ. ನಕ್ಕ. ಕಣ್ಣು ಹೊಡೆದ. "ನನ್ನನ್ನ ಅಷ್ಟು ದಡ್ಡ ಅನ್ಕೊಂಡ್ರಾ?" ಎಂದು ಕಾರು ಹತ್ತಿ ಎಡಕ್ಕೆ ಹೋದ.

"ನಿಜವಾಗ್ಲೂ ಹೇಳ್ದೆ, ಅತ್ತಿಗೆ" ಎಂದ ಸುಲೋ.

"ನಾನು ಕೇಳಿಸ್ಕೊಂಡೆನಪ್ಪ."

ಕಾರು ಕಣ್ಮರೆಯಾಗುವವರೆಗೂ ನೋಡಿದ ಅವನ ಮುಖ ನಿಧಾನವಾಗಿ ಅರಳಿತು. "ಹಂಗಾದ್ರೆ ಇನ್ಮೇಲೆ ಎಲ್ಲರಿಗೂ ಹೇಳ್ಬಹುದು" ಎಂದ.