ಖಂಡೆಪ್ಪನಿಗೆ ಹೊದಿಸಿದ ಚಾದರ

ಬರ್ಮಾದ ಯುದ್ಧದಿಂದ ಮೈಮೇಲೊಂದು ಗಾಯವಿಲ್ಲದೆ ಮರಳಿದ ಸಿಪಾಯಿ ಖಂಡೆಪ್ಪನಿಗೆ, ಸೋಲಾಪುರದ ಮಿಲ್ಲು ಸೇರಿದ ಮೇಲೆ ಕ್ಷಯ ಅಂಟಿಕೊಂಡಿತು. ಊರವರಿಗೆಲ್ಲ ಚಾದರ ನೇಯ್ದವನು ಅಕ್ಕಲಕೋಟದ ಹತ್ತಿರದ ತನ್ನ ಗುಡಿಸಲಿನಲ್ಲಿ ಮಿಲಿಟರಿಯ ಹರಕು ಕಂಬಳಿ ಹೊದ್ದು ಮಲಗಿದ. ‘ಬರ್ಮಾದ ಮಳ್ಯಾಗೂ ಹಿಂಗ ನಡುಗಿರಲಿಲ್ಲ, ಭಾಗೂ’ ಎಂದು ಹೆಂಡತಿಯ ಮುಂದೆ ಗೋಳಾಡುತ್ತಿದ್ದ. ಭಾಗಾಬಾಯಿ ಭಾವ ಜಟ್ಟೆಪ್ಪನ ಮನೆಗೆ ಓಡಿ ಹೊದಿಕೆ ಬೇಡಿದಳು. ರೋಗ ಅಂಟೀತೆಂದು ಅವನು ಕದವನ್ನೇ ತೆರೆಯಲಿಲ್ಲ.

೧೯೫೩ರ ಆ ಚಳಿಗಾಲ ಮುಗಿಯುವ ಮೊದಲೇ ಖಂಡೆಪ್ಪ ಸತ್ತ. ಮೂವತ್ತು ದಾಟಿದ್ದನಷ್ಟೇ.

ಆಗ ಬಂದರು ನೋಡಿ, ಎಲ್ಲರೂ! ಹೆಣಕ್ಕೆ ಹೊದಿಸಲು ನೆಂಟರು ಹೊಸ ಬಟ್ಟೆ ತರುವುದು ಅವರಲ್ಲಿ ಪದ್ಧತಿ. ಒಬ್ಬರಾದ ಮೇಲೊಬ್ಬರು ಹೊದಿಸುತ್ತ ಹೋದಂತೆ, ಬಟ್ಟೆಯ ರಾಶಿಯಲ್ಲಿ ಅವನ ಮುಖವೊಂದೇ ಕಾಣುವಂತಾಯಿತು. ಕೊನೆಗೆ ಜಟ್ಟೆಪ್ಪ ದಪ್ಪನೆಯ ಸೋಲಾಪುರ ಚಾದರವನ್ನೇ ಹೊದಿಸಿದ.

ಭಾಗಾಬಾಯಿಯ ಅಳು ಗಕ್ಕನೆ ನಿಂತಿತು. ಆ ಚಾದರವನ್ನು ಎಳೆದುಕೊಂಡು, ಮೂಲೆಯಲ್ಲಿ ಕೆಮ್ಮುತ್ತ ಕೂತಿದ್ದ ಮಗಳು ಹಿರಾಬಾಯಿಗೆ ಸುತ್ತಿದಳು.

‘ಹೆಣದ ಮ್ಯಾಲಿನ ಬಟ್ಟಿ ಅದು! ತಗೀಬ್ಯಾಡ!’ ಜಟ್ಟೆಪ್ಪ ಚೀರಿದ.

‘ಮತ್ತ ಈಕಿಗೂ ಸತ್ತ ಮ್ಯಾಲೇ ತರ್ತೀರೇನ್ರಿ, ಭಾವಾ?’

ಹಿರಾಬಾಯಿ ಮತ್ತೆ ಕೆಮ್ಮಿದಳು. ನೆರೆದವರೆಲ್ಲ ಬಾಗಿಲ ಕಡೆಗೆ ಸರಿದರು.